ಎಲೆಯಡಿಕೆ ಚೀಲ ಮತ್ತು ತಾಯಿ ಕಾರ್ಡ್

ಬಸುರಿಯ ಬಾಯಿಗೆ ಹೋದ ಹೊಗೆಸೊಪ್ಪು, ಗಂಟಲಿಗೆ ಇಳಿದ ಮದ್ಯ ಮಗುವನ್ನೂ ಮುಟ್ಟುತ್ತದೆ. ಹಾಗೆ ಪೆಟ್ಟು ತಿಂದು ಹುಟ್ಟಿದ ಮಗುವಿಗೂ ಅದರ ಮನೆಯವರಿಗೂ ಆಸರೆಯಾಗುವ ಏರ್ಪಾಡುಗಳು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇಲ್ಲದಿಲ್ಲ. ಆದರೆ ಅವು ಶುರುವಾಗಬೇಕಾದರೆ ಯಾರಾದರೂ ಬೈಯದೆ ಒಂದು ಮಾತು ಕೇಳಬೇಕು.

ಗ್ರಹಣದ ದಿನ ನಮ್ಮ ಕಡೆ ಬಸುರಿ ಹೆಂಗಸಿಗೆ ಸೆರೆವಾಸ. ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೂರಿಸುತ್ತಾರೆ. ಈಳಿಗೆಮಣೆ ಮುಟ್ಟಬಾರದು, ಕತ್ತರಿ ಹಿಡಿಯಬಾರದು. ಮಾತು ಮೀರಿದರೆ ಹುಟ್ಟುವ ಮಗುವಿನ ತುಟಿ ಸೀಳಿಕೊಳ್ಳುತ್ತದೆ ಎಂಬ ಭಯ. ಗ್ರಹಣ ಬಿಟ್ಟ ಮೇಲೆ ಅವಳು ತಲೆಗೆ ನೀರು ಹಾಕಿಕೊಂಡು, ಉಂಡು, ಜಗಲಿಗೆ ಬಂದು ಎಲೆಯಡಿಕೆ ಚೀಲ ಬಿಚ್ಚುತ್ತಾಳೆ. ಎಲೆಗೆ ಸುಣ್ಣ ಸವರಿ, ಅಡಿಕೆ ಚೂರಿನ ಜೊತೆಗೆ ಒಂದು ಚಿಟಿಕೆ ಹೊಗೆಸೊಪ್ಪು ಸೇರಿಸಿ ದವಡೆಗೆ ಒತ್ತಿಕೊಳ್ಳುತ್ತಾಳೆ. ಆಗ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಮಗುವಿನ ಮೇಲ್ದುಟಿ ಬೆಸೆದುಕೊಳ್ಳುವುದು ಬಸಿರಿನ ನಾಲ್ಕನೆಯ ವಾರದಿಂದ ಏಳನೆಯ ವಾರದೊಳಗೆ. ಹೊಟ್ಟೆ ಕಾಣಿಸಿಕೊಂಡ ಮೇಲೆ ಬರುವ ಯಾವ ಗ್ರಹಣಕ್ಕೂ ಅಲ್ಲಿ ಕೆಲಸವಿಲ್ಲ. ತಂಬಾಕಿಗೆ ಇದೆ. ಬಸಿರಿನ ಮೊದಲ ದಿನಗಳಲ್ಲಿ ತಾಯಿ ಧೂಮಪಾನ ಮಾಡಿದರೆ ಸೀಳುತುಟಿ ಬರಲು ಅದು ಕಾರಣವಾಗುತ್ತದೆ ಎಂದು ಅಮೆರಿಕದ ಸರ್ಜನ್ ಜನರಲ್ 2014ರ ವರದಿಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಾರೆ. ಹೆದರಬೇಕಾದದ್ದು ಆಕಾಶದಲ್ಲಿ ಇರಲಿಲ್ಲ, ಮನೆಯೊಳಗೇ ಇತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಬದುಕಿನುದ್ದಕ್ಕೂ ಹೇಳಿದ್ದು ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಎಂದೇ. ಗ್ರಹಣವನ್ನು ಪ್ರಶ್ನಿಸುವವರು ಈಗ ಅವರ ಜಿಲ್ಲೆಯಲ್ಲಿ ಸಾಕಷ್ಟಿದ್ದಾರೆ. ಎಲೆಯಡಿಕೆ ಚೀಲವನ್ನು ಪ್ರಶ್ನಿಸುವವರು ಕಡಿಮೆ.

ಚಟದ ಲೆಕ್ಕಕ್ಕೆ ಬಾರದ ಚಟ

ಗರ್ಭದಲ್ಲಿ ಮಾದಕ ವಸ್ತುವಿನ ಸೋಂಕು ತಗುಲಿದ ಮಗು ಎಂದರೆ ನಮ್ಮ ಕಣ್ಣಿಗೆ ಬರುವುದು ಸಿನಿಮಾದ ಚಿತ್ರ: ಮಹಾನಗರ, ಸಿರಿಂಜು, ಪೊಲೀಸರ ದಾಳಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ನಡೆಯುವುದು ಇಷ್ಟು ನಾಟಕೀಯವಾಗಿ ಅಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು ಹತ್ತು ಮಂದಿ ತಂಬಾಕು ಬಳಸುತ್ತಾರೆ. ಹೆಚ್ಚುಕಮ್ಮಿ ಅವರೆಲ್ಲರೂ ಬಳಸುವುದು ಹೊಗೆಯಿಲ್ಲದ ತಂಬಾಕನ್ನೇ: ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ, ಪೊಟ್ಟಣದಲ್ಲಿ ಸಿಗುವ ಜರ್ದಾ. ಬೀಡಿ ಸಿಗರೇಟು ಸೇದುವ ಹೆಂಗಸು ಊರ ಬಾಯಿಗೆ ಬೀಳುತ್ತಾಳೆ. ಎಲೆಯಡಿಕೆ ಹಾಕುವವಳು ಮರ್ಯಾದಸ್ಥೆ. ತಾಂಬೂಲಕ್ಕೆ ಮದುವೆಯಲ್ಲೂ ದೇವರ ಮುಂದೆಯೂ ಜಾಗವಿದೆ. ಅದರ ನೆರಳಿನಲ್ಲಿ ಹೊಗೆಸೊಪ್ಪೂ ಒಳಗೆ ಬಂದು ಕೂತಿದೆ.

ಹಾಕಿಕೊಳ್ಳುವುದಕ್ಕೆ ಕಾರಣಗಳೂ ಇವೆ. ಹಲ್ಲುನೋವು ಕೇಳದಂತಾಗುತ್ತದೆ, ಮಧ್ಯಾಹ್ನದ ಹಸಿವು ಮುಂದಕ್ಕೆ ಹೋಗುತ್ತದೆ, ಬಸಿರಿನ ಓಕರಿಕೆ ತಡೆಯುತ್ತದೆ ಎಂಬ ನಂಬಿಕೆ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಘಟಕವೊಂದರ ಒಳಗೆ ಹೋಗಿ ನೋಡಿ. ಬೇಯುವ ಗೂಡಿನಿಂದ ಏಳುವ ಹಬೆಯಲ್ಲಿ ಸತ್ತ ಹುಳುವಿನ ನಾತ. ಬಿಸಿನೀರಿನ ತೊಟ್ಟಿಯಲ್ಲಿ ಬೆರಳಾಡಿಸಿ ಎಳೆಯ ತುದಿ ಹಿಡಿಯುವ ಹೆಂಗಸರ ಕೈ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಎಳೆ ಕಡಿದರೆ ಮತ್ತೆ ಹುಡುಕಬೇಕು, ಕೂಲಿ ಕೆಲಸದ ಮೇಲೆ. ಇಂಥ ಕಡೆ ಒಂದು ಗಳಿಗೆ ನಿಂತವರಿಗೆ ದವಡೆಯಲ್ಲಿ ಏನಾದರೂ ಇರಲಿ ಅನ್ನಿಸುವುದು ಏಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಈ ದುಡಿಮೆಯನ್ನು ಮರೆತು ಚಟದ ಬಗ್ಗೆ ಮಾತ್ರ ಉಪದೇಶ ಮಾಡಿದರೆ ಅದು ಕಿವಿಗೆ ಬೀಳುವುದಿಲ್ಲ.

ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ಕೊನೆಯಲ್ಲಿ. ಆಮೇಲೆ ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಬಂತು. ಅಂಗಡಿಯವನು ಎರಡನ್ನೂ ಒಟ್ಟಿಗೆ ಕೊಡುತ್ತಾನೆ, ಕೊಂಡವರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ತಂಬಾಕಿಲ್ಲದ ಬರೀ ಅಡಿಕೆಯೂ ನಿರುಪದ್ರವಿಯಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬಸುರಿಯರು ಅಡಿಕೆ ಜಗಿಯುವುದಕ್ಕೂ ಮಗುವಿನ ತೂಕ ತಗ್ಗುವುದಕ್ಕೂ ನಂಟು ಇರುವುದನ್ನು ತೈವಾನಿನ ಅಧ್ಯಯನಗಳು ತೋರಿಸಿವೆ.

ಮದ್ಯದ ಕಥೆ ಬೇರೆ. ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು, ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ 90 ಎಂಎಲ್ ಪ್ಯಾಕೆಟ್ ಬಂತು. ಕುಡಿಯುವ ಹೆಂಗಸರು ಕಡಿಮೆ. ಆದರೆ ಕಡಿಮೆ ಎಂಬ ಕಾರಣಕ್ಕೇ ಕುಡಿಯುವವಳು ಗುಟ್ಟಾಗಿ ಕುಡಿಯುತ್ತಾಳೆ, ಗುಟ್ಟನ್ನು ಡಾಕ್ಟರಿಂದಲೂ ಕಾಪಾಡಿಕೊಳ್ಳುತ್ತಾಳೆ. ಮೈಕೈ ನೋವಿಗೆಂದು ರಾತ್ರಿ ಗಂಡನ ಪ್ಯಾಕೆಟ್ಟಿನಲ್ಲಿ ಪಾಲು ತೆಗೆದುಕೊಳ್ಳುವ ಕೂಲಿಯವಳಿಗೂ, ವೈನ್ ಎಂದರೆ ದ್ರಾಕ್ಷಿ ರಸ ತಾನೇ ಎನ್ನುವ ಪೇಟೆಯ ಉದ್ಯೋಗಸ್ಥೆಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಚಿಕ್ಕಬಳ್ಳಾಪುರದ ತೋಟಗಳ ಬೆಂಗಳೂರು ಬ್ಲೂ ದ್ರಾಕ್ಷಿ ಹುದುಗಿ ವೈನ್ ಆದಮೇಲೆ ಅದರಲ್ಲಿ ಇರುವುದೂ ರಮ್ಮಿನಲ್ಲಿರುವ ಆಲ್ಕೋಹಾಲೇ.

ಗರ್ಭದೊಳಗೆ ಆಗುವುದೇನು?

ಮಾಸುಚೀಲ, ಅಂದರೆ ಪ್ಲಾಸೆಂಟಾ, ಎಲ್ಲವನ್ನೂ ಸೋಸಿ ಒಳಗೆ ಬಿಡುತ್ತದೆ ಎಂದು ಹಿಂದೆ ವೈದ್ಯರೂ ನಂಬಿದ್ದರು. ಆದರೆ ನಿಕೋಟಿನ್ ಮತ್ತು ಆಲ್ಕೋಹಾಲ್ ಎರಡೂ ಅದನ್ನು ತಡೆಯಿಲ್ಲದೆ ದಾಟುತ್ತವೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುವುದರಿಂದ ಮಗುವಿಗೆ ಹೋಗುವ ರಕ್ತ, ಅದರ ಜೊತೆಗೆ ಆಮ್ಲಜನಕ, ಪೋಷಕಾಂಶ ಕಡಿಮೆಯಾಗುತ್ತವೆ. ಜಗಿಯುವ ತಂಬಾಕಿನಲ್ಲಿ ಹೊಗೆ ಇಲ್ಲದಿರಬಹುದು, ನಿಕೋಟಿನ್‌ಗೆ ಕೊರತೆಯಿಲ್ಲ. ಸುಣ್ಣ ಸೇರಿದರೆ ಬಾಯಿಯ ಒಳಪದರ ಅದನ್ನು ಇನ್ನೂ ಬೇಗ ಹೀರಿಕೊಳ್ಳುತ್ತದೆ. ಪಿ.ಸಿ. ಗುಪ್ತಾ ಮತ್ತು ಶ್ರೀವಿದ್ಯಾ ಅವರು ಮುಂಬೈಯಲ್ಲಿ ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಗಮನಿಸಿ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕು ಬಳಸಿದವರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದರು. ದಿನ ತುಂಬುವ ಮುಂಚಿನ ಹೆರಿಗೆಯೂ ಅವರಲ್ಲಿ ಹೆಚ್ಚಿತ್ತು. ಮೂರು ಕಿಲೋ ಮಗುವಿಗೆ 105 ಗ್ರಾಂ ದೊಡ್ಡದಲ್ಲ. ಆದರೆ ರಕ್ತಹೀನತೆಯ ತಾಯಿಗೆ ಹುಟ್ಟಿ, ಕಡಿಮೆ ತೂಕ ಎನ್ನುವ ಎರಡೂವರೆ ಕಿಲೋದ ಗೆರೆಯ ಮೇಲೆ ನಿಂತಿರುವ ಮಗುವನ್ನು ಕೆಳಕ್ಕೆ ತಳ್ಳಲು ಅಷ್ಟೇ ಸಾಕು.

ಆಲ್ಕೋಹಾಲ್ ತೂಕಕ್ಕಿಂತ ಹೆಚ್ಚಾಗಿ ಮಿದುಳನ್ನು ಹುಡುಕಿಕೊಂಡು ಹೋಗುತ್ತದೆ. ಅದನ್ನು ಕರಗಿಸುವ ಕಿಣ್ವ ಭ್ರೂಣದ ಯಕೃತ್ತಿನಲ್ಲಿ ತೀರಾ ಕಡಿಮೆ. ತಾಯಿಗೆ ಅಮಲು ಇಳಿದ ಮೇಲೂ ಮಗುವಿನ ಸುತ್ತಲ ನೀರಿನಲ್ಲಿ ಅದು ಉಳಿದಿರುತ್ತದೆ. ಫ್ರಾನ್ಸಿನ ಪಾಲ್ ಲೆಮ್ವಾನ್ 1968ರಲ್ಲಿ, ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ 1973ರಲ್ಲಿ ಕುಡಿತದ ಚಟವಿದ್ದ ತಾಯಂದಿರ ಮಕ್ಕಳಲ್ಲಿ ಒಂದೇ ಬಗೆಯ ಚಹರೆ ಗುರುತಿಸಿದರು: ಕಿರಿದಾದ ಕಣ್ಣು, ತೆಳ್ಳನೆಯ ಮೇಲ್ದುಟಿ, ಮೂಗು ಮತ್ತು ತುಟಿಯ ನಡುವಿನ ಗೆರೆ ಮಾಸಿದ ಸಪಾಟು ಜಾಗ, ಕುಂಠಿತ ಬೆಳವಣಿಗೆ. ಭ್ರೂಣ ಮದ್ಯ ಸಿಂಡ್ರೋಮ್ ಎಂದು ಹೆಸರಾದ ಈ ಸ್ಥಿತಿ ದೊಡ್ಡ ಸಮಸ್ಯೆಯ ಒಂದು ಸಣ್ಣ ತುದಿ ಅಷ್ಟೇ. ಮದ್ಯದ ಪೆಟ್ಟು ತಿಂದ ಹೆಚ್ಚಿನ ಮಕ್ಕಳ ಮುಖದಲ್ಲಿ ಏನೂ ಕಾಣುವುದಿಲ್ಲ. ನೆನಪು, ಗಮನ, ಲೆಕ್ಕ, ಸಿಟ್ಟಿನ ಮೇಲಿನ ಹಿಡಿತ, ಇವುಗಳಲ್ಲಿ ತೊಡಕು ಬರುತ್ತದೆ. ಜಗತ್ತಿನಾದ್ಯಂತ ಸಾವಿರ ಮಕ್ಕಳಲ್ಲಿ ಏಳೆಂಟು ಮಂದಿಗೆ ಈ ಬಗೆಯ ತೊಂದರೆ ಇರಬಹುದೆಂದು 2017ರ ಅಂತರರಾಷ್ಟ್ರೀಯ ಲೆಕ್ಕಾಚಾರವೊಂದು ಅಂದಾಜಿಸಿತು.

ಇಷ್ಟು ಕುಡಿದರೆ ತೊಂದರೆಯಿಲ್ಲ ಎಂಬ ಅಳತೆ ಬಸಿರಿನಲ್ಲಿ ಇಲ್ಲ. ಹಾಗೆಂದು ಬಸಿರು ನಿಂತದ್ದು ತಿಳಿಯುವ ಮುಂಚೆ ಒಂದೆರಡು ಸಲ ಕುಡಿದವಳು ಕಂಗಾಲಾಗಬೇಕಿಲ್ಲ. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ, ಯಾವ ತಿಂಗಳಲ್ಲಿ ಬಿಟ್ಟರೂ ಉಳಿದ ತಿಂಗಳುಗಳ ಲಾಭ ಮಗುವಿಗೆ ಸಿಗುತ್ತದೆ. ಹೊಗೆಸೊಪ್ಪಿಗೂ ಇದೇ ಮಾತು. ತಡವಾಯಿತು ಎಂದು ಕೈಚೆಲ್ಲುವ ತಿಂಗಳು ಯಾವುದೂ ಇಲ್ಲ.

ಕ್ಲಾಸಿನಲ್ಲಿ ಕಾಣುವ ಮಗು

ಮೂರನೇ ಕ್ಲಾಸಿನ ಹುಡುಗನೊಬ್ಬನನ್ನು ನೆನೆದುಕೊಳ್ಳಿ. ನಿನ್ನೆ ಆರರ ಮಗ್ಗಿ ಸರಾಗವಾಗಿ ಒಪ್ಪಿಸಿದ್ದ, ಇವತ್ತು ಆರೊಂದ್ಲ ಆರು ಆದಮೇಲೆ ಗೋಡೆ ನೋಡುತ್ತಾನೆ. 'ಪುಸ್ತಕ ಮುಚ್ಚಿ, ಚೀಲದಲ್ಲಿಟ್ಟು, ತಟ್ಟೆ ತಗೊಂಡು ಸಾಲಲ್ಲಿ ನಿಂತ್ಕೊ' ಎಂದರೆ ತಟ್ಟೆ ಹಿಡಿದು ಓಡುತ್ತಾನೆ, ಪುಸ್ತಕ ತೆರೆದೇ ಇರುತ್ತದೆ. ಪಕ್ಕದವನ ಪೆನ್ಸಿಲ್ ತೆಗೆದುಕೊಂಡು ತನ್ನದೇ ಎಂದು ವಾದಿಸುತ್ತಾನೆ. ಏಟು ತಿಂದು ಅಳುತ್ತಾನೆ, ಮಾರನೆಯ ದಿನ ಅದನ್ನೇ ಮಾಡುತ್ತಾನೆ. ಮಾತಿನಲ್ಲಿ ಚುರುಕು, ಆಟದಲ್ಲಿ ಮುಂದು. ಹಾಗಾಗಿ ಮೇಷ್ಟ್ರ ತೀರ್ಮಾನ: ಇವನು ಬೇಕಂತಲೇ ಮಾಡುತ್ತಾನೆ.

ಗರ್ಭದಲ್ಲಿ ಮದ್ಯದ ಪೆಟ್ಟು ತಿಂದ ಮಕ್ಕಳಲ್ಲಿ ಕಾಣುವ ಲಕ್ಷಣಗಳು ಇವು. ಹೇಳಿದ್ದು ಕೇಳುತ್ತದೆ, ಆದರೆ ಮೂರು ಮಾತನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಇಂದಿನ ಏಟಿಗೂ ನಾಳಿನ ನಡತೆಗೂ ನಂಟು ಕಟ್ಟಿಕೊಳ್ಳುವುದು ಕಷ್ಟ. ಇಂಥ ಮಗುವನ್ನು ಹೊಡೆದು ತಿದ್ದುವುದು ನಡೆಯದ ಕೆಲಸ. ನಡೆಯುವ ಕೆಲಸಗಳು ಬೇರೆ ಇವೆ, ಯಾವುದಕ್ಕೂ ದುಡ್ಡು ಬೇಕಿಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳುವುದು. ಹೇಳಿದ್ದನ್ನು ಮಗುವಿನ ಬಾಯಲ್ಲಿ ಇನ್ನೊಮ್ಮೆ ಹೇಳಿಸುವುದು. ದಿನದ ಕೆಲಸಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸುವುದು. ಏಳುವ, ಉಣ್ಣುವ, ಮಲಗುವ ಹೊತ್ತು ಬದಲಾಗದಂತೆ ನೋಡಿಕೊಳ್ಳುವುದು. ಕಿಟಕಿಯಿಂದ ದೂರ, ಮುಂದಿನ ಸಾಲಿನಲ್ಲಿ ಕೂರಿಸುವುದು. ಸರಿ ಮಾಡಿದಾಗ ಆ ಕ್ಷಣವೇ ಶಭಾಷ್ ಅನ್ನುವುದು, ವಾರದ ಕೊನೆಗೆ ಅಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಈ ಲಕ್ಷಣವಿರುವ ಎಲ್ಲ ಮಕ್ಕಳ ತಾಯಂದಿರೂ ಕುಡಿದವರಲ್ಲ. ದಿನ ತುಂಬದೆ ಹುಟ್ಟಿದ್ದು, ಹುಟ್ಟುವಾಗ ಉಸಿರುಕಟ್ಟಿದ್ದು, ರಕ್ತಹೀನತೆ, ಹತ್ತಿರದ ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕಿವುಡು, ಮನೆಯೊಳಗಿನ ಹೊಡೆದಾಟ, ಹೀಗೆ ಹತ್ತು ಕಾರಣ ಇರಬಹುದು. ಒಂದೇ ಮಗುವಿನಲ್ಲಿ ಮೂರು ಕಾರಣ ಕೂಡಿಕೊಂಡಿರಬಹುದು. ಅಜ್ಜಿಯನ್ನು ನಿಲ್ಲಿಸಿಕೊಂಡು 'ನಿಮ್ಮ ಸೊಸೆ ಕುಡೀತಿದ್ದಳಾ?' ಎಂದು ವಿಚಾರಣೆ ಮಾಡುವುದರಿಂದ ಆರರ ಮಗ್ಗಿ ಬರುವುದಿಲ್ಲ. ಕಾರಣ ಗೊತ್ತಾದರೆ ವೈದ್ಯರಿಗೆ ಅನುಕೂಲ, ಮುಂದಿನ ಬಸಿರಿಗೂ ಅನುಕೂಲ. ಗೊತ್ತಾಗುವ ತನಕ ನೆರವು ಕಾಯಬಾರದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಆನ್ ಸ್ಟ್ರೈಸ್‌ಗುತ್ ಗರ್ಭದಲ್ಲಿ ಮದ್ಯದ ಪೆಟ್ಟು ತಿಂದ ನೂರಾರು ಮಕ್ಕಳನ್ನು ದೊಡ್ಡವರಾಗುವ ತನಕ ಗಮನಿಸಿದರು. ಅವರ ಬದುಕನ್ನು ಕಾಪಾಡಿದ್ದು ಮುಖ್ಯವಾಗಿ ಎರಡು ಸಂಗತಿ: ಆರು ವರ್ಷದೊಳಗೆ ತೊಂದರೆ ಗುರುತಾದದ್ದು, ಮತ್ತು ಪ್ರೀತಿಯಿಂದ ನೋಡಿಕೊಳ್ಳುವ, ಆಗಾಗ ಬದಲಾಗದ ಒಂದು ಮನೆ.

ಅಮೆರಿಕ ಕಲಿತ ಪಾಠ

ಈ ವಿಷಯದಲ್ಲಿ ಜಗತ್ತು ದುಬಾರಿ ಬೆಲೆ ಕೊಟ್ಟು ಕಲಿತ ಒಂದು ಪಾಠ ನಮಗೆ ಪುಕ್ಕಟೆಯಾಗಿ ಸಿಗುತ್ತದೆ. 1985ರಲ್ಲಿ ಕೊಕೇನ್ ಬಳಸುತ್ತಿದ್ದ ಕೇವಲ 23 ಹೆಂಗಸರ ಮೇಲಿನ ಒಂದು ಅಧ್ಯಯನ ಅಮೆರಿಕದಲ್ಲಿ ಪ್ರಕಟವಾಯಿತು. ಪತ್ರಿಕೆ, ಟಿವಿಗಳು ಅದನ್ನು ಹಿಡಿದುಕೊಂಡು 'ಕ್ರ್ಯಾಕ್ ಬೇಬಿ' ಎಂಬ ಹೆಸರು ಕಟ್ಟಿದವು. ಒಂದು ಇಡೀ ಪೀಳಿಗೆ ಕೆಲಸಕ್ಕೆ ಬಾರದಂತೆ ಹುಟ್ಟುತ್ತಿದೆ ಎಂದು ಬೊಬ್ಬೆ ಹಾಕಿದವು. ಫಿಲಡೆಲ್ಫಿಯಾದ ಮಕ್ಕಳ ವೈದ್ಯೆ ಹ್ಯಾಲಮ್ ಹರ್ಟ್ ಆ ದಿನಗಳಲ್ಲಿ ಹುಟ್ಟಿದ ಮಕ್ಕಳನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಹಿಂಬಾಲಿಸಿದರು. ಗರ್ಭದಲ್ಲಿ ಕೊಕೇನ್ ತಗುಲಿದ ಮಕ್ಕಳಿಗೂ, ಅದೇ ಬಡ ಕೇರಿಗಳಲ್ಲಿ ಕೊಕೇನ್ ಸೋಂಕಿಲ್ಲದೆ ಹುಟ್ಟಿದ ಮಕ್ಕಳಿಗೂ ಬುದ್ಧಿಶಕ್ತಿಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಇಬ್ಬರನ್ನೂ ಹಿಂದಕ್ಕೆ ಎಳೆದದ್ದು ಬಡತನ. ಆದರೆ ಆ ಹೆಸರು ಮಾತ್ರ ಮಕ್ಕಳ ಬೆನ್ನಿಗೆ ಅಂಟಿಕೊಂಡೇ ಶಾಲೆಗೆ ಬಂದಿತ್ತು.

ಅದೇ ಹೊತ್ತಿಗೆ, 1989ರಲ್ಲಿ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ಸರ್ಕಾರಿ ಆಸ್ಪತ್ರೆಯೊಂದು ಬಸುರಿಯರ ಮೂತ್ರ ಪರೀಕ್ಷೆ ಮಾಡಿ, ಕೊಕೇನ್ ಸಿಕ್ಕರೆ ಪೊಲೀಸರಿಗೆ ತಿಳಿಸುವ ಏರ್ಪಾಡು ಮಾಡಿಕೊಂಡಿತು. ಬಂಧನಕ್ಕೆ ಒಳಗಾದವರು ಬಹುತೇಕ ಬಡ ಕಪ್ಪು ಹೆಂಗಸರು. ಒಪ್ಪಿಗೆಯಿಲ್ಲದೆ ಹೀಗೆ ಪರೀಕ್ಷಿಸಿ ಪೊಲೀಸರಿಗೆ ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟಿತು. ತಪಾಸಣೆಗೆ ಹೋದರೆ ಸಿಕ್ಕಿಬೀಳುತ್ತೇನೆ ಎಂದು ಹೆದರಿದ ಬಸುರಿ ಆಸ್ಪತ್ರೆಯ ಕಡೆಗೇ ಬರುವುದಿಲ್ಲ. ಆಗ ಮಗುವಿಗೆ ಎರಡು ನಷ್ಟ, ಒಂದು ಚಟದ್ದು, ಇನ್ನೊಂದು ಆರೈಕೆ ತಪ್ಪಿದ್ದು.

ಚಿಕಿತ್ಸೆಯಲ್ಲೂ ಇದೇ ಪಾಠ. ಅಫೀಮಿನ ಜಾತಿಯ ಮಾದಕಗಳು, ಅದೇ ಜಾತಿಯ ನೋವಿನ ಮಾತ್ರೆಗಳು ತಾಯಿಗೆ ಅಭ್ಯಾಸವಾಗಿದ್ದರೆ, ಹುಟ್ಟಿದ ಒಂದೆರಡು ದಿನಗಳಲ್ಲೇ ಮಗು ಕೀರಲು ದನಿಯಲ್ಲಿ ಅಳುತ್ತದೆ, ನಡುಗುತ್ತದೆ, ಹಾಲು ಕುಡಿಯಲಾರದು. ಇಂಥ ಮಗುವನ್ನು ಹಿಂದೆ ತಾಯಿಯಿಂದ ಬೇರ್ಪಡಿಸಿ ತೀವ್ರನಿಗಾ ಘಟಕದಲ್ಲಿಟ್ಟು, ಲಕ್ಷಣಗಳಿಗೆ ಅಂಕ ಹಾಕಿ, ಮಾರ್ಫೀನ್ ಕೊಡುತ್ತಿದ್ದರು. ಹೊಸ ಕ್ರಮದಲ್ಲಿ ವೈದ್ಯರು ನೋಡುವುದು ಮೂರನ್ನೇ: ಮಗು ಹಾಲು ಕುಡಿಯಿತೇ, ನಿದ್ದೆ ಮಾಡಿತೇ, ಎತ್ತಿಕೊಂಡಾಗ ಸುಮ್ಮನಾಯಿತೇ. ತಾಯಿಯ ಮಡಿಲು, ಮಂದ ಬೆಳಕು, ಸದ್ದಿಲ್ಲದ ಕೋಣೆ ಇಲ್ಲಿನ ಮೊದಲ ಔಷಧ. 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಈ ಕ್ರಮದಿಂದ ಮಕ್ಕಳು ಸರಾಸರಿ 8.2 ದಿನಕ್ಕೆ ಮನೆಗೆ ಹೋಗಲು ಸಿದ್ಧರಾದರು, ಹಳೆಯ ಕ್ರಮದಲ್ಲಿ 14.9 ದಿನ ಹಿಡಿದಿತ್ತು. ಔಷಧ ಬೇಕಾದ ಮಕ್ಕಳ ಪ್ರಮಾಣ ನೂರಕ್ಕೆ 52ರಿಂದ ಸುಮಾರು 20ಕ್ಕೆ ಇಳಿಯಿತು. ತಾಯಿಯನ್ನು ಅಪರಾಧಿಯಂತೆ ದೂರವಿಟ್ಟಾಗ ಆಗದ ಕೆಲಸ, ಅವಳನ್ನೇ ಆರೈಕೆಗೆ ಕೂರಿಸಿದಾಗ ಆಯಿತು.

ನಮ್ಮಲ್ಲಿ ಏನೇನಿದೆ

ಹೊಸ ಯೋಜನೆ ಬರಲಿ ಎಂದು ಕಾಯುವ ಮುಂಚೆ ಇರುವುದನ್ನು ಎಣಿಸಿಕೊಳ್ಳೋಣ. ಬಸಿರು ಗೊತ್ತಾದ ಕೂಡಲೇ ಆಶಾ ಕಾರ್ಯಕರ್ತೆ ಹೆಸರು ಬರೆದುಕೊಂಡು ತಾಯಿ ಕಾರ್ಡ್ ಮಾಡಿಸುತ್ತಾರೆ. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾಯಿತು. ಹಸಿವು ತಡೆಯಲು ಹೊಗೆಸೊಪ್ಪು ಹಾಕುವವಳಿಗೆ ಉಪದೇಶಕ್ಕಿಂತ ಈ ಊಟವೇ ಒಳ್ಳೆಯ ಚಿಕಿತ್ಸೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೆಯ ದಿನ ಆಶಾ ಮನೆಗೆ ಬರಬೇಕು. ಆಮೇಲೆ ಮಗುವಿಗೆ ಹದಿನೈದು ತಿಂಗಳಾಗುವ ತನಕ ಮೂರು ತಿಂಗಳಿಗೊಮ್ಮೆ ಭೇಟಿ. ತೂಕ ಏರಿತೇ, ಕತ್ತು ನಿಂತಿತೇ, ಕರೆದರೆ ತಿರುಗುತ್ತದೆಯೇ, ಇವನ್ನು ಹೊಸಿಲಿನಲ್ಲೇ ಕೂತು ನೋಡಬಹುದಾದ ವ್ಯವಸ್ಥೆ ಇದು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಹುಟ್ಟಿನಿಂದ ಹದಿನೆಂಟು ವರ್ಷದ ತನಕದ ಮಕ್ಕಳನ್ನು ಪರೀಕ್ಷಿಸುತ್ತವೆ. ಬೆಳವಣಿಗೆ ಹಿಂದುಳಿದ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕೆಂಬುದು ನಿಯಮ. ಮಾತು, ನಡಿಗೆ, ಕಿವಿ, ಕಣ್ಣು, ನಡತೆ ಎಲ್ಲವನ್ನೂ ಒಂದೇ ಸೂರಿನಡಿ ನೋಡುವುದು ಆ ಕೇಂದ್ರದ ಉದ್ದೇಶ. ತಾಯಿಗೆ ಚಟ ಬಿಡಲು ನೆರವು ಬೇಕಾದರೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವಂತೆ ರೂಪಿಸಿದ ಮನೋಚೈತನ್ಯ ಕಾರ್ಯಕ್ರಮವಿದೆ. ಫೋನಿನಲ್ಲೇ ಮಾತಾಡುವವರಿಗೆ 14416 ಸಂಖ್ಯೆಯ ಟೆಲಿ ಮನಸ್ ಇದೆ, ತಂಬಾಕು ಬಿಡುವವರಿಗೆ 1800 11 2356 ಇದೆ. ಎರಡಕ್ಕೂ ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಇನ್ನೂ ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ದೂರವಲ್ಲ. ಮಾನಸಿಕ ತೊಂದರೆಯಿರುವ ತಾಯಿ ಮಗುವಿನ ಜೊತೆಯಲ್ಲೇ ಒಳರೋಗಿಯಾಗಿ ಇರಬಹುದಾದ ವಾರ್ಡನ್ನು ಅದು 2009ರಲ್ಲೇ ತೆರೆದಿದೆ. ದೇಶದಲ್ಲಿ ಅಂಥದ್ದು ಅದೇ ಮೊದಲು.

ಕಾಗದದ ಮೇಲೆ ಈ ಸರಪಳಿ ಗಟ್ಟಿ. ನೆಲದ ಮೇಲೆ ಅದು ಕಡಿಯುವುದು ಬಸ್ ಸ್ಟ್ಯಾಂಡಿನಲ್ಲಿ. ಚಿಂತಾಮಣಿಯ ಆಚೆಯ ಹಳ್ಳಿಯೊಂದರಿಂದ ಮಗುವನ್ನು ಎತ್ತಿಕೊಂಡು, ಬಸ್ಸು ಬದಲಿಸಿ, ಜಿಲ್ಲಾ ಆಸ್ಪತ್ರೆಗೆ ಬಂದು ಹೋದರೆ ತಾಯಿಯ ಒಂದು ದಿನದ ಕೂಲಿ ಹೋಯಿತು. ಥೆರಪಿ ಒಂದು ದಿನದ ಕೆಲಸವಲ್ಲ, ತಿಂಗಳುಗಟ್ಟಲೆ ಬರಬೇಕು. ಎರಡು ಸಲ ಬಂದು ನಿಂತವರನ್ನು 'ಅಸಡ್ಡೆ' ಎಂದು ಬರೆದುಬಿಡುವುದು ಸುಲಭ. ಅದರ ಬದಲು ಮಾಡಬೇಕಾದ ವ್ಯಾಯಾಮ, ಆಟಗಳನ್ನು ಅಂಗನವಾಡಿ ಕಾರ್ಯಕರ್ತೆಗೆ ಹೇಳಿಕೊಟ್ಟು ಊರಲ್ಲೇ ನಡೆಸಿ, ತಿಂಗಳಿಗೊಮ್ಮೆ ಮಾತ್ರ ಕೇಂದ್ರಕ್ಕೆ ಬರಹೇಳಿದರೆ ಹೆಚ್ಚು ಮಂದಿ ಕೊನೆತನಕ ನಿಲ್ಲುತ್ತಾರೆ.

ಕಾನೂನಿನಲ್ಲೂ ಒಂದು ಸಂದಿಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಗರ್ಭದ ಮದ್ಯದಿಂದಾದ ತೊಂದರೆ ಎಂಬ ಹೆಸರಿಲ್ಲ. ಬೌದ್ಧಿಕ ನ್ಯೂನತೆ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತಿನ ತೊಂದರೆ ಇವೆ. ಆದ್ದರಿಂದ ಮಗುವಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಕೊಡಿಸುವ ದಾರಿ ಮುಚ್ಚಿಲ್ಲ. ಕಾರಣದ ಹೆಸರಿನ ಬದಲು ಮಗುವಿನ ಕಷ್ಟದ ಹೆಸರಿನಲ್ಲಿ ಅರ್ಜಿ ಹಾಕಬೇಕು.

ಕೇಳುವ ರೀತಿ

ಇಷ್ಟೆಲ್ಲ ನಡೆಯಬೇಕಾದರೆ ಮೊದಲು ವಿಷಯ ಹೊರಬರಬೇಕು. ಬಸುರಿಯರೆಲ್ಲರನ್ನೂ ತಂಬಾಕು, ಮದ್ಯದ ಬಗ್ಗೆ ಆದಷ್ಟು ಬೇಗ, ಪ್ರತಿ ತಪಾಸಣೆಯಲ್ಲೂ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಹೇಗೆ ಕೇಳುತ್ತೇವೆ ಎನ್ನುವುದರ ಮೇಲೆ ಉತ್ತರ ನಿಂತಿದೆ.

'ಏನಮ್ಮಾ, ಕುಡಿಯೋದು ಸೇದೋದು ಏನೂ ಇಲ್ಲ ತಾನೇ?' ಎಂದು ರಿಜಿಸ್ಟರ್ ನೋಡುತ್ತಾ ಕೇಳಿದರೆ ಉತ್ತರ ಒಂದೇ: 'ಅಯ್ಯೋ, ಇಲ್ಲಕ್ಕ!' ಅದು ಸುಳ್ಳೂ ಅಲ್ಲ. ಅವಳು ಸೇದುವುದಿಲ್ಲ, ಜಗಿಯುತ್ತಾಳೆ.

ಅದನ್ನೇ ಹೊಸಿಲ ಮೇಲೆ ಕೂತು ಹೀಗೆ ಕೇಳಿದರೆ?

'ಊಟ ಆದ್ಮೇಲೆ ಎಲೆಅಡಿಕೆ ಹಾಕ್ಕೊಂತೀಯೇನಮ್ಮಾ?'

'ಹಾಕ್ಕೊಂತೀನಕ್ಕ, ಅಭ್ಯಾಸ.'

'ಬರೀ ಎಲೆಅಡಿಕೇನಾ, ಹೊಗೆಸೊಪ್ಪೂ ಇರುತ್ತಾ?'

'ಒಂಚೂರು. ಇಲ್ದಿದ್ರೆ ಓಕರಿಕೆ ಬಂದಂಗಾಗುತ್ತೆ.'

'ದಿನಕ್ಕೆ ಎಷ್ಟು ಸಲ ಆಗ್ಬೋದು?'

ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಅವಳು ತಾನೇ ಲೆಕ್ಕ ಹಾಕಲು ಶುರುಮಾಡಿರುತ್ತಾಳೆ. ಬೈದಿದ್ದರೆ ಎರಡನೆಯ ಪ್ರಶ್ನೆಗೇ ಮಾತು ಮುಗಿಯುತ್ತಿತ್ತು. ಚಿಂತಾಮಣಿ ಕಡೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಅಲ್ಲಿ ತೆಲುಗಿನಲ್ಲೇ ಕೇಳಬೇಕು. ಅತ್ತೆ, ಗಂಡ ಪಕ್ಕದಲ್ಲಿ ನಿಂತಿರುವಾಗ ಮದ್ಯದ ಪ್ರಶ್ನೆ ಎತ್ತಬಾರದು.

ಹೊಗೆಸೊಪ್ಪು ಬಿಡಿಸಲು ಬಸುರಿಗೆ ಮೊದಲ ಮದ್ದು ಮಾತು. ಯಾವ ಹೊತ್ತಿನಲ್ಲಿ ಬೇಕೆನ್ನಿಸುತ್ತದೆ ಎಂದು ಕಂಡುಕೊಂಡು, ಆ ಹೊತ್ತಿಗೆ ಬಾಯಿಗೆ ಸೋಂಪು, ಏಲಕ್ಕಿ, ಲವಂಗ ಕೊಡುವುದು, ಓಕರಿಕೆಗೆ ಡಾಕ್ಟರಿಂದ ಮಾತ್ರೆ, ಹಲ್ಲುನೋವಿಗೆ ಹಲ್ಲಿನ ಡಾಕ್ಟರು. ಮದ್ಯದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ದಿನವೂ ಹೆಚ್ಚು ಕುಡಿಯುವವಳು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಅಪಾಯ. ಅಂಥವಳನ್ನು ದೇವರ ಮುಂದೆ ಆಣೆ ಮಾಡಿಸಿ ಮನೆಯಲ್ಲಿ ಕೂಡಿಹಾಕದೆ ಆಸ್ಪತ್ರೆಗೆ ಸೇರಿಸಬೇಕು. ಹೆರಿಗೆಯಾದ ಮೇಲೂ ಹೊಗೆಸೊಪ್ಪು ಬಿಡಲು ಹೆಣಗುತ್ತಿರುವವಳ ಹಾಲು ನಿಲ್ಲಿಸಬಾರದು. ನಿಕೋಟಿನ್ ಹಾಲಿನಲ್ಲಿ ಬರುತ್ತದೆ ನಿಜ, ಆದರೂ ಕಡಿಮೆ ತೂಕದ ಮಗುವಿಗೆ ತಾಯಿಯ ಹಾಲಿಗಿಂತ ಒಳ್ಳೆಯದು ಬೇರೆ ಇಲ್ಲ. ಹಾಲೂಡಿಸುತ್ತಲೇ ಬಿಡಿಸಬೇಕು.

ಗಂಡ, ಅತ್ತೆ, ಮುಂದಿನ ಬಸಿರು

ಒಬ್ಬಳನ್ನೇ ಬದಲಾಯಿಸಲು ಹೊರಟರೆ ಗೆಲುವಿಲ್ಲ. ಬಾಣಂತಿಗೆ ಉಂಡದ್ದು ಅರಗಲಿ ಎಂದು ಎಲೆಯಡಿಕೆ ಮಡಿಸಿ ಕೊಡುವವರು ಅತ್ತೆ ಅಥವಾ ಅಮ್ಮ. ಎಲೆಗೆ ಹೊಗೆಸೊಪ್ಪು ಸೇರಿಸದಿರುವ ತೀರ್ಮಾನವೂ ಅವರ ಕೈಯಲ್ಲೇ ಇದೆ. ಅಡಿಕೆಯನ್ನೂ ಬಿಟ್ಟರೆ ಇನ್ನೂ ಒಳ್ಳೆಯದು. ಗಂಡ ಮನೆಯೊಳಗೆ ಬೀಡಿ ಸೇದಿದರೆ ಹೊಗೆ ಬಸುರಿಗೂ ಹೋಗುತ್ತದೆ. ಗಂಡ ಕುಡಿದು ಬಂದು ಹೊಡೆಯುವ ಮನೆಯಲ್ಲಿ ಅವಳ ಕೈಯ ಪೊಟ್ಟಣವನ್ನು ಮಾತ್ರ ಕಿತ್ತುಕೊಳ್ಳುವುದು ಅನ್ಯಾಯ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಸರೆಯಲ್ಲಿ ಊರೂರಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಗಂಡಸರನ್ನು ಕರೆತರುವ ಕೆಲಸ ಮಾಡುತ್ತಿವೆ. ಮನೆಯಲ್ಲಿ ಬಸುರಿ ಇರುವ ಗಂಡಸರನ್ನು ಮೊದಲು ಕರೆದರೆ ಒಂದೇ ಶಿಬಿರದಲ್ಲಿ ಇಬ್ಬರ ಆರೋಗ್ಯ ಸುಧಾರಿಸುತ್ತದೆ.

ಈಗಾಗಲೇ ತೊಂದರೆಯಿರುವ ಮಗುವನ್ನು ಸಾಕುತ್ತಿರುವ ತಾಯಿಯ ಮಾತೇ ಬೇರೆ. ಎಲ್ಲರೂ ಬೈದು ಮುಗಿಸಿದ ಮೇಲೆ ಅವಳು ತನ್ನನ್ನು ತಾನೇ ಬೈದುಕೊಳ್ಳುತ್ತಿರುತ್ತಾಳೆ. ಆ ಸಂಕಟ ಕುಡಿತಕ್ಕೆ ಇನ್ನೊಂದು ಕಾರಣವಾದರೆ ಮುಂದಿನ ಮಗುವೂ ಅದೇ ಪೆಟ್ಟಿಗೆ ಸಿಕ್ಕುತ್ತದೆ. ಮೊದಲ ಮಗುವಿನ ಚಿಕಿತ್ಸೆಗೆ ಬಂದ ತಾಯಿಯನ್ನು ಅದೇ ಭೇಟಿಯಲ್ಲಿ 'ನೀನು ಹೇಗಿದ್ದೀಯಮ್ಮಾ?' ಎಂದು ಕೇಳುವ ಆಸ್ಪತ್ರೆ ಎರಡನೆಯ ಮಗುವನ್ನೂ ಕಾಪಾಡುತ್ತದೆ. ಅಜ್ಜಿಯೇ ಸಾಕುತ್ತಿದ್ದರೆ ಅವಳಿಗೂ ಮೊಮ್ಮಗನ ಮರೆವು ಹಟವಲ್ಲ ಎಂದು ಯಾರಾದರೂ ತಿಳಿಸಿ ಹೇಳಬೇಕು. ಅದು ಗೊತ್ತಾದ ಮನೆಯಲ್ಲಿ ಏಟು ಕಡಿಮೆಯಾಗುತ್ತದೆ, ಏಟು ಕಡಿಮೆಯಾದ ಮನೆಯಲ್ಲಿ ಕಲಿಕೆ ಹೆಚ್ಚುತ್ತದೆ.

ಒಂಬತ್ತನೆಯ ತಾರೀಖು

ಬಸಿರಿನಲ್ಲಿ ಮದ್ಯದ ಅಪಾಯ ತಿಳಿಸುವ ದಿನವನ್ನು ಜಗತ್ತು ಸೆಪ್ಟೆಂಬರ್ 9ರಂದು ಆಚರಿಸುತ್ತದೆ. ಒಂಬತ್ತು ತಿಂಗಳ ನೆನಪಿಗೆ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ, 1999ರಿಂದ ನಡೆದುಬಂದ ರೂಢಿ. ನಮ್ಮಲ್ಲಿ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದಲೇ ಉಚಿತ ತಪಾಸಣೆ ನಡೆಯುತ್ತದೆ. ಆ ದಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ತೂಕ, ಹಿಮೋಗ್ಲೋಬಿನ್ ನೋಡುತ್ತಾರೆ, ತಾಯಿ ಕಾರ್ಡ್ ತುಂಬುತ್ತಾರೆ. ಎಲೆಯಡಿಕೆ ಚೀಲದ ಪ್ರಶ್ನೆಗೆ ಅಲ್ಲಿ ಎರಡು ನಿಮಿಷ ಸಾಕು. ಹೌದು ಅಂದವಳಿಗೆ ಬೈಗುಳದ ಬದಲು ಮುಂದಿನ ಮಂಗಳವಾರ ಯಾರನ್ನು ನೋಡಬೇಕು ಎಂದು ಕಾರ್ಡಿನಲ್ಲಿ ಬರೆದುಕೊಟ್ಟು, ಅವಳ ಮಗುವಿನ ಹೆಸರನ್ನು ಆಶಾ ಭೇಟಿಯ ಪಟ್ಟಿಯಲ್ಲಿ ಮೇಲಕ್ಕೆ ತಂದರೆ, ಆರು ವರ್ಷದೊಳಗೆ ಗುರುತಿಸುವ ಕೆಲಸ ಹುಟ್ಟುವ ಮುಂಚೆಯೇ ಶುರುವಾಯಿತು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಬರುವ 9ನೇ ತಾರೀಖಿನಿಂದಲೇ ಮಾಡಬಹುದು.